ಗೆಳೆತನಕ್ಕೂ ಪಾಠ ಉಂಟೆ?

ಮೇಜಿನ ಸುತ್ತ ಮೂವರು ಮಕ್ಕಳು, ನಡುವೆ ಲೆಗೊ ತುಣುಕುಗಳ ರಾಶಿ. ಮೂವರೂ ಸೇರಿ ಒಂದು ಬೆಂಕಿ ನಂದಿಸುವ ಗಾಡಿ ಕಟ್ಟಬೇಕು. ಮೊದಲನೆಯ ಮಗು ‘ಎಂಜಿನಿಯರ್’. ನಕ್ಷೆ ಇರುವುದು ಅವನೊಬ್ಬನ ಕೈಯಲ್ಲಿ, ಆದರೆ ತುಣುಕುಗಳನ್ನು ಅವನು ಮುಟ್ಟುವಂತಿಲ್ಲ. ಎರಡನೆಯವಳು ತುಣುಕು ಹುಡುಕಿ ಕೊಡುವವಳು. ಮೂರನೆಯವನು ಕಟ್ಟುವವನು, ಅವನಿಗೆ ನಕ್ಷೆ ಕಾಣುವುದಿಲ್ಲ. ‘ಎಂಟು ಉಬ್ಬುಗಳಿರೋ ಕೆಂಪು ತುಣುಕು ಕೊಡು’ ಎಂದು ಒಬ್ಬ ಕೇಳಬೇಕು, ‘ಇದಾ, ಅದಾ?’ ಎಂದು ಇನ್ನೊಬ್ಬಳು ವಿಚಾರಿಸಬೇಕು, ‘ಎಲ್ಲಿ ಕೂರಿಸಲಿ?’ ಎಂದು ಮತ್ತೊಬ್ಬ ಕೇಳಬೇಕು. ಯಾರೊಬ್ಬರು ಸುಮ್ಮನಾದರೂ ಗಾಡಿ ಅರ್ಧಕ್ಕೇ ನಿಲ್ಲುತ್ತದೆ. ಸ್ವಲ್ಪ ಹೊತ್ತಿಗೆ ಪಾತ್ರಗಳು ಅದಲುಬದಲಾಗುತ್ತವೆ.

ಮಾತಾಡು, ಕೇಳಿಸಿಕೋ, ಸರದಿಗೆ ಕಾಯಿ ಎಂದು ಇಲ್ಲಿ ಯಾರೂ ಉಪದೇಶ ಮಾಡುತ್ತಿಲ್ಲ. ಆಟವೇ ಅವನ್ನು ಕೇಳುತ್ತದೆ. ಈ ಪದ್ಧತಿಯನ್ನು ರೂಪಿಸಿದವರು ನರಮನೋವಿಜ್ಞಾನಿ ಡೇನಿಯಲ್ ಲೆಗಾಫ್. 1990ರ ದಶಕದಲ್ಲಿ ಹವಾಯಿಯ ಹೊನೊಲುಲುವಿನಲ್ಲಿ ಅವರು ಆಟಿಸಂ ಇರುವ ಮಕ್ಕಳಿಗೆ ಚಿಕಿತ್ಸೆ ನೀಡುತ್ತಿದ್ದರು. ಅದುವರೆಗೆ ಒಬ್ಬರನ್ನೊಬ್ಬರು ಕಣ್ಣೆತ್ತಿಯೂ ನೋಡದಿದ್ದ ಇಬ್ಬರು ಹುಡುಗರು, ಮನೆಯಿಂದ ತಂದಿದ್ದ ಲೆಗೊ ಹಿಡಿದು ಕಾಯುವ ಕೋಣೆಯಲ್ಲಿ ಉತ್ಸಾಹದಿಂದ ಮಾತಿಗಿಳಿದಿದ್ದು ಒಂದು ದಿನ ಅವರ ಕಣ್ಣಿಗೆ ಬಿತ್ತು. ಅಲ್ಲಿಂದ ಹುಟ್ಟಿದ ಗುಂಪು ಚಿಕಿತ್ಸೆಯ ಫಲಿತಾಂಶವನ್ನು ಅವರು 2004ರಲ್ಲಿ ಪ್ರಕಟಿಸಿದರು. ಮಗು ತಾನಾಗಿ ಇತರರ ಬಳಿ ಎಷ್ಟು ಸಲ ಹೋಗುತ್ತದೆ, ಹೋದರೆ ಎಷ್ಟು ಹೊತ್ತು ಬೆರೆಯುತ್ತದೆ ಎಂಬವು ಅವರ ಅಳತೆಗೋಲುಗಳಲ್ಲಿ ಸೇರಿದ್ದವು. ಎರಡರಲ್ಲೂ ಏರಿಕೆ ಕಂಡಿತ್ತು.

ಲೆಗೊ ಗುಂಪು ‘ಸಾಮಾಜಿಕ ಕೌಶಲ ಗುಂಪು’ಗಳಲ್ಲಿ ಒಂದು ಬಗೆ ಅಷ್ಟೆ. ನಾಲ್ಕೆಂಟು ಮಕ್ಕಳು, ಒಬ್ಬಿಬ್ಬರು ಮನೋವಿಜ್ಞಾನಿಗಳು ಅಥವಾ ವಾಕ್ ಚಿಕಿತ್ಸಕರು, ವಾರಕ್ಕೊಮ್ಮೆ ಒಂದು ಗಂಟೆ, ಕೆಲವು ತಿಂಗಳು. ಸಾಮಾನ್ಯವಾಗಿ ಚೌಕಟ್ಟು ಇಷ್ಟೇ.

ಇಂಥ ಗುಂಪು ಯಾಕೆ ಬೇಕು? ಮಾತಿನ ನಡುವೆ ಯಾವಾಗ ಬಾಯಿ ಹಾಕಬೇಕು, ಎದುರಿನವರಿಗೆ ಬೇಸರವಾದದ್ದನ್ನು ಹೇಗೆ ಗುರುತಿಸಬೇಕು ಎಂಬುದನ್ನೆಲ್ಲ ಹೆಚ್ಚಿನ ಮಕ್ಕಳು ಅಕ್ಕ-ಅಣ್ಣಂದಿರನ್ನು, ಬೀದಿಯ ಗೆಳೆಯರನ್ನು ನೋಡಿಯೇ ಕಲಿತುಬಿಡುತ್ತಾರೆ. ಕೆಲವರಿಗೆ ಅದು ಹಾಗೆ ದಕ್ಕುವುದಿಲ್ಲ. ಆಟಿಸಂ ಇರುವ ಹುಡುಗ ತನಗೆ ಪ್ರಿಯವಾದ ರೈಲುಗಳ ಬಗ್ಗೆ ಅರ್ಧ ಗಂಟೆ ಮಾತಾಡಬಲ್ಲ, ಕೇಳುವವರು ಎದ್ದು ಹೋಗಲು ಹವಣಿಸುತ್ತಿರುವುದು ಅವನಿಗೆ ತಿಳಿಯದೇ ಹೋಗಬಹುದು. ಎಡಿಎಚ್‌ಡಿ (ಗಮನ ಕೊರತೆ, ಅತಿಚಟುವಟಿಕೆಯ ತೊಡಕು) ಇರುವ ಹುಡುಗಿಗೆ ಸರದಿ ಕಾಯಬೇಕೆಂಬುದು ಚೆನ್ನಾಗಿ ಗೊತ್ತು, ಆದರೆ ಮನಸ್ಸು ತಡೆಯುವ ಮೊದಲೇ ಕೈ ಮುಂದೆ ಹೋಗಿರುತ್ತದೆ. ಭಾಷೆಯ ತೊಡಕಿರುವ ಮಗು ಒಂದು ತಮಾಷೆಯನ್ನು ಅರ್ಥ ಮಾಡಿಕೊಳ್ಳುವಷ್ಟರಲ್ಲಿ ಜೊತೆಯವರು ನಕ್ಕು ಮುಂದಿನ ಮಾತಿಗೆ ಹೋಗಿರುತ್ತಾರೆ. ಕಾರಣಗಳು ಬೇರೆ ಬೇರೆ, ಕೊನೆಗೆ ಆಗುವುದು ಒಂದೇ: ಆಟದ ಬಿಡುವಿನಲ್ಲಿ ಒಂಟಿತನ. ಆದ್ದರಿಂದ ಮಗುವನ್ನು ಗುಂಪಿಗೆ ಸೇರಿಸುವ ಮೊದಲು ಅದರ ತೊಡಕು ಯಾವುದೆಂದು ತಿಳಿಯುವುದು ಒಳ್ಳೆಯ ಚಿಕಿತ್ಸಕರ ಮೊದಲ ಕೆಲಸ.

ಬೆಳವಣಿಗೆಯ ತೊಡಕು ಅಪರೂಪದ ಸಂಗತಿಯಲ್ಲ. ಹೈದರಾಬಾದ್ ಸೇರಿದಂತೆ ದೇಶದ ಐದು ಕಡೆ ನಾಲ್ಕು ಸಾವಿರದಷ್ಟು ಮಕ್ಕಳನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 6ರಿಂದ 9 ವರ್ಷದವರಲ್ಲಿ ಶೇ 13.6ರಷ್ಟು ಮಕ್ಕಳಿಗೆ ನರಸಂಬಂಧಿ ಬೆಳವಣಿಗೆಯ ಯಾವುದಾದರೊಂದು ತೊಂದರೆ ಇತ್ತು. ಶ್ರವಣದೋಷ, ಮೂರ್ಛೆರೋಗಗಳೂ ಸೇರಿದ ಲೆಕ್ಕ ಇದು. ಇವರೆಲ್ಲರಿಗೂ ಬೆರೆಯುವುದು ಕಷ್ಟವೆಂದಲ್ಲ. ಆದರೂ ದೊಡ್ಡ ತರಗತಿಯೊಂದರಲ್ಲಿ ಇಂಥ ಕೆಲವು ಮಕ್ಕಳಾದರೂ ಇರುತ್ತಾರೆ ಎಂಬುದಕ್ಕೆ ಈ ಸಂಖ್ಯೆ ಸಾಕ್ಷಿ.

ಹದಿಹರೆಯದವರಿಗೆ ಆಟದ ತುಣುಕುಗಳಷ್ಟೇ ಸಾಲವು. ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ಲೌಗೆಸನ್ ಮತ್ತು ಫ್ರೆಡ್ ಫ್ರಾಂಕೆಲ್ ಈ ವಯಸ್ಸಿನವರಿಗಾಗಿ ‘ಪಿಯರ್ಸ್’ ಎಂಬ ಕಾರ್ಯಕ್ರಮ ರೂಪಿಸಿದರು. ಹಿರಿಯರು ಕೊಡುವ ಬುದ್ಧಿಮಾತು ಬೇರೆ, ಗೆಳೆಯರನ್ನು ಸಂಪಾದಿಸಬಲ್ಲ ಹುಡುಗರು ನಿಜವಾಗಿ ಮಾಡುವುದೇ ಬೇರೆ ಎಂಬುದು ಇದರ ತಿರುಳು. ‘ಹೋಗಿ ನಿನ್ನ ಹೆಸರು ಹೇಳಿ ಪರಿಚಯ ಮಾಡಿಕೋ’ ಎನ್ನುತ್ತಾರೆ ದೊಡ್ಡವರು. ಮಾತಾಡುತ್ತಿರುವ ಗುಂಪಿನೊಳಗೆ ಯಾವ ಹದಿನಾಲ್ಕರ ಹುಡುಗನೂ ಹಾಗೆ ನುಗ್ಗುವುದಿಲ್ಲ. ಸ್ವಲ್ಪ ದೂರದಲ್ಲಿ ನಿಂತು ಮಾತು ಯಾವುದರ ಬಗ್ಗೆ ಎಂದು ಆಲಿಸುತ್ತಾನೆ. ತನಗೆ ಗೊತ್ತಿರುವ ವಿಷಯವೇ ಎಂದು ನೋಡಿಕೊಳ್ಳುತ್ತಾನೆ. ಮಾತು ಒಂದು ಕ್ಷಣ ನಿಂತಾಗ ಅದೇ ವಿಷಯದ ಬಗ್ಗೆ ಒಂದು ಮಾತು ಸೇರಿಸುತ್ತಾನೆ. ಪಿಯರ್ಸ್ ಇದನ್ನೇ ಹಂತಹಂತವಾಗಿ ಬಿಡಿಸಿ ಕಲಿಸುತ್ತದೆ. ಯಾರಾದರೂ ಛೇಡಿಸಿದರೆ ‘ಸರಿ, ಅದಕ್ಕೀಗ ಏನು?’ ಎಂದು ಹೇಳಿ ಮುಖ ತಿರುಗಿಸುವುದನ್ನೂ ಅಭ್ಯಾಸ ಮಾಡಿಸುತ್ತದೆ. ಅದೇ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ಅಪ್ಪ-ಅಮ್ಮಂದಿರಿಗೂ ಅದೇ ಪಾಠ ನಡೆಯುತ್ತದೆ. ಗೆಳೆಯನೊಬ್ಬನನ್ನು ಮನೆಗೆ ಕರೆಸಿ ಸಂಜೆ ಕಳೆಯುವುದು ಹೋಂವರ್ಕ್, ಅದನ್ನು ನಡೆಸಿಕೊಡುವ ಹೊಣೆ ಹೆತ್ತವರದು. ದಕ್ಷಿಣ ಕೊರಿಯಾದಲ್ಲಿ ಇದನ್ನು ಅಲ್ಲಿನ ರೀತಿನೀತಿಗೆ ಒಗ್ಗಿಸಿ ಪ್ರಯೋಗಕ್ಕೆ ಒಡ್ಡಿದಾಗಲೂ ಫಲ ಸಿಕ್ಕಿತು. ವರದಿ ಬಂದದ್ದು 2014ರಲ್ಲಿ.

ಹಾಗಾದರೆ ಈ ಗುಂಪುಗಳಿಂದ ಪ್ರಯೋಜನ ಎಷ್ಟು? ಆಟಿಸಂ ಇರುವ 6ರಿಂದ 21 ವರ್ಷದ ಒಟ್ಟು 196 ಮಂದಿ ಪಾಲ್ಗೊಂಡಿದ್ದ ಐದು ಪ್ರಯೋಗಗಳನ್ನು, ವೈದ್ಯಕೀಯ ಸಂಶೋಧನೆಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆ 2012ರಲ್ಲಿ ಪರಿಶೀಲಿಸಿತು. ಬೆರೆಯುವ ಸಾಮರ್ಥ್ಯ ಮತ್ತು ಗೆಳೆತನದ ಗುಣಮಟ್ಟ ಸುಧಾರಿಸಿದ್ದವು. ಇತರರ ಮುಖದ ಭಾವ ಗುರುತಿಸುವುದರಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. 2017ರಲ್ಲಿ 19 ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದಾಗ ಇನ್ನೊಂದು ಸಂಗತಿ ಹೊರಬಿತ್ತು. ದೊಡ್ಡ ಸುಧಾರಣೆ ಇದ್ದದ್ದು ಮಕ್ಕಳು ತಾವೇ ಕೊಟ್ಟ ಉತ್ತರಗಳಲ್ಲಿ. ಅದೂ ‘ಹೇಗೆ ನಡೆದುಕೊಳ್ಳಬೇಕೆಂದು ಗೊತ್ತಾಯಿತು’ ಎಂಬ ಉತ್ತರಗಳಲ್ಲಿ, ‘ಹಾಗೆ ನಡೆದುಕೊಳ್ಳುತ್ತಿದ್ದೇನೆ’ ಎಂಬಲ್ಲಿ ಅಲ್ಲ. ಹೆತ್ತವರ ಕಣ್ಣಿಗೆ ಬದಲಾವಣೆ ಸಣ್ಣದಾಗಿತ್ತು. ಶಿಕ್ಷಕರಿಗಂತೂ ಏನೂ ಕಂಡಿರಲಿಲ್ಲ. ಇಂಗ್ಲೆಂಡಿನ ಶಾಲೆಗಳಲ್ಲೇ ಲೆಗೊ ಗುಂಪುಗಳನ್ನು ನಡೆಸಿ ನೋಡಿದ, 250 ಮಕ್ಕಳಿದ್ದ ಪ್ರಯೋಗದ ಫಲಿತಾಂಶ 2023ರಲ್ಲಿ ಬಂತು. ಅಲ್ಲಿ ಶಿಕ್ಷಕರೂ ಸುಧಾರಣೆ ಗುರುತಿಸಿದರು, ಆದರೆ ಅದು ಸಣ್ಣ ಪ್ರಮಾಣದ್ದು.

ಚಿಕಿತ್ಸೆಯ ಕೋಣೆಯಲ್ಲಿ ಕಲಿತದ್ದು ಶಾಲೆಯ ಮೈದಾನದವರೆಗೆ ಬರದೇ ಹೋಗುವುದೇಕೆ? ಲಾಸ್ ಏಂಜಲಿಸ್‌ನಲ್ಲಿ ಕಾನಿ ಕಸಾರಿ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ದಾರಿ ತೋರಿಸಿತು. ಸಾಮಾನ್ಯ ಶಾಲೆಗಳಲ್ಲಿ ಓದುತ್ತಿದ್ದ, ಆಟಿಸಂ ಇರುವ 60 ಮಕ್ಕಳು ಅದರಲ್ಲಿದ್ದರು. ಕೆಲವರಿಗೆ ಚಿಕಿತ್ಸಕರು ನೇರವಾಗಿ ಕಲಿಸಿದರು. ಇನ್ನು ಕೆಲವರ ವಿಷಯದಲ್ಲಿ ಕಲಿಸಿದ್ದು ಅವರಿಗಲ್ಲ, ಅವರ ತರಗತಿಯ ಮೂವರು ಸಹಪಾಠಿಗಳಿಗೆ. ಮೈದಾನದಲ್ಲಿ ಒಂಟಿಯಾಗಿರುವವರನ್ನು ಗಮನಿಸುವುದು, ಆಟಕ್ಕೆ ಕರೆಯುವುದು, ಮಾತು ಮುಂದುವರಿಸುವುದು ಅವರ ಪಾಠ. ಯಾವ ಮಗುವಿಗಾಗಿ ಇದೆಲ್ಲ ಎಂದು ಅವರಿಗೆ ಹೇಳಿರಲಿಲ್ಲ. ಆಮೇಲೆ ಯಾರು ಯಾರ ಜೊತೆ ಇರುತ್ತಾರೆಂದು ಇಡೀ ತರಗತಿಯನ್ನು ಕೇಳಿ ಗೆಳೆತನದ ನಕ್ಷೆ ಬರೆದರು. ಸಹಪಾಠಿಗಳು ತರಬೇತಿ ಪಡೆದಿದ್ದ ತರಗತಿಗಳಲ್ಲಿ ಆ ಮಕ್ಕಳು ನಕ್ಷೆಯ ಅಂಚಿನಿಂದ ಒಳಕ್ಕೆ ಬಂದಿದ್ದರು. ಅವರನ್ನು ಗೆಳೆಯರೆಂದು ಹೆಸರಿಸಿದವರು ಹೆಚ್ಚಾಗಿದ್ದರು, ಮೈದಾನದಲ್ಲಿ ಒಂಟಿಯಾಗಿ ಉಳಿಯುವುದು ಕಡಿಮೆಯಾಗಿತ್ತು. ಮೂರು ತಿಂಗಳ ನಂತರ ನೋಡಿದಾಗಲೂ ಆ ಬದಲಾವಣೆ ಉಳಿದಿತ್ತು.

ಅಂದರೆ ಕೊರತೆ ಮಗುವೊಂದರಲ್ಲೇ ಇದೆ ಎಂಬ ನಂಬಿಕೆಯನ್ನೇ ಪರೀಕ್ಷಿಸಬೇಕಿದೆ. ಸ್ವತಃ ಆಟಿಸಂ ಇರುವ ಬ್ರಿಟಿಷ್ ಸಮಾಜವಿಜ್ಞಾನಿ ಡೇಮಿಯನ್ ಮಿಲ್ಟನ್ 2012ರಲ್ಲಿ ಇದನ್ನು ವಾದವಾಗಿ ಮಂಡಿಸಿದರು: ಆಟಿಸಂ ಇರುವವರಿಗೆ ಇತರರು ಅರ್ಥವಾಗದಂತೆಯೇ, ಇತರರಿಗೆ ಅವರೂ ಅರ್ಥವಾಗುವುದಿಲ್ಲ. 2020ರಲ್ಲಿ ಕ್ಯಾಥರೀನ್ ಕ್ರಾಂಪ್ಟನ್ ಮತ್ತಿತರರು ಪ್ರಕಟಿಸಿದ ಪ್ರಯೋಗ ಇದಕ್ಕೆ ಪುಷ್ಟಿ ಕೊಟ್ಟಿತು. ಎಂಟೆಂಟು ಮಂದಿಯ ಸರಪಳಿಗಳಲ್ಲಿ ಒಬ್ಬರಿಂದೊಬ್ಬರಿಗೆ ಕತೆಯೊಂದನ್ನು ದಾಟಿಸಬೇಕಿತ್ತು. ಎಲ್ಲರಿಗೂ ಆಟಿಸಂ ಇದ್ದ ಸರಪಳಿಗಳು ಆಟಿಸಂ ಇಲ್ಲದವರ ಸರಪಳಿಗಳಷ್ಟೇ ಚೆನ್ನಾಗಿ ಕತೆ ದಾಟಿಸಿದವು. ವಿವರಗಳು ಬೇಗ ಕಳೆದುಹೋದದ್ದು ಎರಡೂ ಬಗೆಯವರು ಬೆರೆತಿದ್ದ ಸರಪಳಿಗಳಲ್ಲಿ.

ಗುಂಪಿನ ಗುರಿ ಏನಿರಬೇಕೆಂಬುದನ್ನೂ ಇಂಥ ಅರಿವು ತಿದ್ದುತ್ತಿದೆ. ಬಲವಂತವಾಗಿ ಕಣ್ಣಲ್ಲಿ ಕಣ್ಣಿಟ್ಟು ನೋಡಿಸುವುದು, ಕೈ ಆಡಿಸುವುದನ್ನು ಬಿಡಿಸುವುದು ಗೆಳೆತನ ಕಲಿಸಿದಂತಲ್ಲ. ತನ್ನ ಸಹಜ ನಡವಳಿಕೆಯನ್ನು ದಿನವಿಡೀ ಬಚ್ಚಿಟ್ಟುಕೊಳ್ಳುವವರಲ್ಲಿ ಆತಂಕ, ಖಿನ್ನತೆ ಹೆಚ್ಚಿರುವುದನ್ನು ಅನೇಕ ಅಧ್ಯಯನಗಳು ಗುರುತಿಸಿವೆ.

ನಮ್ಮಲ್ಲಿ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಇಂಥ ಮಕ್ಕಳ ತೊಡಕನ್ನು ಗುರುತಿಸಿ ನೆರವು ನೀಡುತ್ತವೆ. ವಾಕ್-ಭಾಷಾ ತಜ್ಞೆ ಡಾ. ಪ್ರತಿಭಾ ಕಾರಂತ ಬೆಂಗಳೂರಿನಲ್ಲಿ ಕಟ್ಟಿದ ಕಾಮ್ ಡೀಲ್ ಟ್ರಸ್ಟ್ ಪುಟ್ಟ ಮಕ್ಕಳೊಂದಿಗೆ ಕೆಲಸ ಮಾಡುತ್ತಿದೆ. ಗುಂಪಿಗೆ ಸೇರಿಸುವ ಮುನ್ನ ಹೆತ್ತವರು ಕೇಳಬೇಕಾದ ಪ್ರಶ್ನೆಗಳು ಕೆಲವಿವೆ. ನನ್ನ ಮಗುವಿನ ತೊಡಕು ಯಾವುದೆಂದು ನೋಡಿದ್ದೀರಾ? ಗುರಿ ಇಡುವಾಗ ಮಗುವಿನ ಆಸೆ ಏನೆಂದು ಕೇಳಿದ್ದೀರಾ? ಮನೆಯಲ್ಲಿ ನಾವೇನು ಮಾಡಬೇಕು? ಶಾಲೆಯಲ್ಲಿ ಬದಲಾವಣೆ ಆಗಿದೆಯೇ ಎಂದು ಯಾರು, ಹೇಗೆ ನೋಡುತ್ತಾರೆ?

ಕೊನೆಯ ಪ್ರಶ್ನೆಗೆ ಶಾಲೆಗಳೂ ಉತ್ತರಿಸಬೇಕು. ಆಟಿಸಂ, ಕಲಿಕಾ ನ್ಯೂನತೆಗಳನ್ನೂ ಒಳಗೊಂಡ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಎಲ್ಲರನ್ನೂ ಒಳಗೊಳ್ಳುವ ಶಿಕ್ಷಣ ನೀಡಬೇಕೆಂದು ಹೇಳುತ್ತದೆ. ಮಗುವಿಗೆ ಬೆಂಚಿನಲ್ಲೊಂದು ಜಾಗ ಕೊಟ್ಟ ಮಾತ್ರಕ್ಕೆ ಅದು ಪೂರೈಸುವುದಿಲ್ಲ. ಕಸಾರಿ ತಂಡ ಸಹಪಾಠಿಗಳಿಗೆ ತರಬೇತಿ ಕೊಟ್ಟದ್ದು ವಾರಕ್ಕೆರಡು ಸಲ, 20 ನಿಮಿಷದಂತೆ, ಆರು ವಾರ. ನಮ್ಮ ಶಾಲೆಗಳ ಊಟದ ಬಿಡುವಿನಲ್ಲಿ ಇದಕ್ಕೆ ಸಮಯ ಹೊಂದಿಸುವುದು ಕಷ್ಟವಲ್ಲ. ಅಂಗಳದಲ್ಲಿ ಒಂಟಿಯಾಗಿ ನಿಲ್ಲುವವರು ಯಾರೆಂದು ನೋಡುವ ಒಬ್ಬ ಶಿಕ್ಷಕಿ, ಆಟಕ್ಕೆ ಕರೆಯಲು ಕಲಿತ ಮೂವರು ಮಕ್ಕಳು ಇದ್ದರೆ ಕೆಲಸ ಶುರುಮಾಡಬಹುದು.