ಬಿದ್ದದ್ದು ಬೇರೆ, ನಿಂತದ್ದು ಬೇರೆ

ಬೈರಮಂಗಲದ ಕೆರೆ ತುಂಬಿರುವುದನ್ನು ಕಂಡು ‘ಈ ಕಡೆ ಒಳ್ಳೆ ಮಳೆ’ ಎಂದುಕೊಳ್ಳುವವರು ಹೊರಗಿನವರು. ಬಿಡದಿ ಸುತ್ತಿನವರು ಹಾಗೆ ಮೋಸ ಹೋಗುವುದಿಲ್ಲ. ಮುಂಗಾರು ಕೈಕೊಟ್ಟ ವರ್ಷಗಳಲ್ಲೂ ವೃಷಭಾವತಿ ಬೆಂಗಳೂರಿನ ಒಳಚರಂಡಿ ನೀರನ್ನು ನೊರೆ ಸಮೇತ ಹೊತ್ತು ತಂದಿದೆ. ಆ ನೀರಿಗೂ ಮೋಡಕ್ಕೂ ನಂಟು ಅಷ್ಟಕ್ಕಷ್ಟೆ. ಧ್ರುವಪ್ರದೇಶಗಳ ವಿಷಯದಲ್ಲಿ ಮಾತ್ರ ನಾವೆಲ್ಲರೂ ಹೊರಗಿನವರೇ. ನಿಂತಿರುವುದನ್ನು ನೋಡಿ ಬಿದ್ದದ್ದನ್ನು ಅಳೆಯುತ್ತೇವೆ.

ಅಂಟಾರ್ಕ್ಟಿಕಾದಲ್ಲಿ ಸದಾ ಹಿಮ ಸುರಿಯುತ್ತದೆ ಎಂಬ ನಂಬಿಕೆಯನ್ನೇ ತೆಗೆದುಕೊಳ್ಳಿ. ರಾಮನಗರದ ಕಡೆ ವರ್ಷಕ್ಕೆ ಸುಮಾರು 80 ಸೆಂ.ಮೀ. ಮಳೆ. ಪೂರ್ವ ಅಂಟಾರ್ಕ್ಟಿಕಾದ ಡೋಮ್ ಸಿ ಎಂಬಲ್ಲಿ ವರ್ಷವಿಡೀ ಬಿದ್ದ ಹಿಮವನ್ನು ಕರಗಿಸಿದರೆ 3 ಸೆಂ.ಮೀ. ನೀರು ಸಿಕ್ಕರೆ ಹೆಚ್ಚು. ಅದು ಮರುಭೂಮಿ. ಬಿದ್ದದ್ದು ಕರಗುವುದಿಲ್ಲ, ಅದಕ್ಕೇ ಕಿಲೋಮೀಟರುಗಟ್ಟಲೆ ದಪ್ಪದ ಹಿಮಗಡ್ಡೆ. ಅಲ್ಲೇ ಯುರೋಪಿನ ವಿಜ್ಞಾನಿಗಳು 2004ರ ಹೊತ್ತಿಗೆ 3 ಕಿ.ಮೀ.ಗೂ ಆಳಕ್ಕೆ ಕೊರೆದು ತೆಗೆದ ಹಿಮದ ಕಂಬದಲ್ಲಿ 8 ಲಕ್ಷ ವರ್ಷಗಳ ಹವಾಮಾನದ ಗುರುತುಗಳಿವೆ.

ಆ ಕಂಬ ಎರಡನೆಯ ನಂಬಿಕೆಯನ್ನೂ ತಲೆಕೆಳಗು ಮಾಡುತ್ತದೆ. ‘ಭೂಮಿ ಕಾದರೆ ಧ್ರುವಗಳಲ್ಲಿ ಹಿಮ ಬೀಳುವುದೇ ಕಡಿಮೆಯಾಗುತ್ತದೆ’ ಎಂದು ಓದಿದವರೂ ಹೇಳುತ್ತಾರೆ. ಹಿಂದೆ ಆದದ್ದು ಬೇರೆ. ಸುಮಾರು 20 ಸಾವಿರ ವರ್ಷಗಳ ಹಿಂದೆ, ಹಿಮಯುಗ ಕಡು ಚಳಿಯಲ್ಲಿದ್ದಾಗ, ಪೂರ್ವ ಅಂಟಾರ್ಕ್ಟಿಕಾದ ಒಳನಾಡಿನಲ್ಲಿ ಬೀಳುತ್ತಿದ್ದ ಹಿಮ ಇಂದಿನದರ ಅರ್ಧದಷ್ಟು. ಕಾವು ಏರಿದಂತೆ ಹಿಮವೂ ಏರಿತು. ಗಾಳಿ ಒಂದು ಡಿಗ್ರಿ ಬೆಚ್ಚಗಾದರೆ ಶೇ. 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಡಬಲ್ಲದು. ಧ್ರುವದ ಗಾಳಿ ಒಣಗಿರುವುದು ಚಳಿಯಿಂದಲೇ. ಕೊಂಚ ಬೆಚ್ಚಗಾದರೂ ಅಲ್ಲಿಗೆ ತಲುಪುವ ತೇವ ಹೆಚ್ಚುತ್ತದೆ, ಆದರೂ ಚಳಿ ಸಾಕಷ್ಟು ಉಳಿದಿರುವುದರಿಂದ ಹಿಮವಾಗಿಯೇ ಉದುರುತ್ತದೆ.

ಗ್ರೀನ್‌ಲ್ಯಾಂಡಿನಲ್ಲಿ ಇದು ನಿಧಾನವಾಗಿಯೂ ನಡೆಯಲಿಲ್ಲ. ಸುಮಾರು 11,700 ವರ್ಷಗಳ ಹಿಂದೆ ಕೊನೆಯ ಶೀತದ ಅವಧಿ ಮುಗಿದಾಗ ಅಲ್ಲಿ ಹಿಮದ ಪ್ರಮಾಣ ಕೆಲವೇ ವರ್ಷಗಳಲ್ಲಿ ದುಪ್ಪಟ್ಟಾಯಿತು ಎಂದು 1993ರಲ್ಲಿ ವಿಜ್ಞಾನಿ ರಿಚರ್ಡ್ ಆಲಿ ಮತ್ತು ಸಂಗಡಿಗರು ಹಿಮದ ವಾರ್ಷಿಕ ಪದರಗಳನ್ನು ಎಣಿಸಿ ತೋರಿಸಿದರು. ಸಾವಿರಾರು ವರ್ಷಗಳ ಕೆಲಸ ಎಂದು ನಾವು ತಿಳಿದಿದ್ದುದು ಒಂದು ಮಗು ಹುಟ್ಟಿ ಶಾಲೆ ಸೇರುವಷ್ಟರಲ್ಲಿ ಮುಗಿದಿತ್ತು. ಹಾಗೆಂದು ಎಲ್ಲೆಡೆ ಇದೇ ಸೂತ್ರ ಹಿಡಿಯುವುದೂ ತಪ್ಪು. ಪಶ್ಚಿಮ ಅಂಟಾರ್ಕ್ಟಿಕಾದ ಹಿಮದ ಕಂಬದಲ್ಲಿ ಕೆಲವು ಕಾಲ ಕಾವಿನ ಗೆರೆ ಒಂದು ಕಡೆ, ಹಿಮದ ಗೆರೆ ಇನ್ನೊಂದು ಕಡೆ. ಬಿರುಗಾಳಿಗಳ ದಾರಿ ಬದಲಾದರೆ ಲೆಕ್ಕವೂ ಬದಲಾಗುತ್ತದೆ.

ಇನ್ನೂ ಹಿಂದಕ್ಕೆ ಹೋದರೆ ಹಿಮವೇ ಇಲ್ಲ, ಬರೀ ಮಳೆ. ಈ ಭಾಗವನ್ನು ಹೈನುಗಾರಿಕೆ ಮಾಡುವವರಿಗೆ ಹೇಳಲು ನನಗೆ ವಿಶೇಷ ಖುಷಿ. ಟಾರ್ಪಾಲು ಹಾಸಿದ ಗುಂಡಿಯಲ್ಲಿ ಬೆಳೆಸಿ, ಬೂಸಾ ಜೊತೆ ಹಸುವಿಗೆ ತಿನ್ನಿಸುವ ಅಜೋಲಾ ಇದೆಯಲ್ಲ, ಅದರ ಬಳಗದ ಗಿಡಗಳು ಸುಮಾರು 4.9 ಕೋಟಿ ವರ್ಷಗಳ ಹಿಂದೆ ಆರ್ಕ್ಟಿಕ್ ಸಾಗರದ ಮೇಲೆ ತೇಲುತ್ತಿದ್ದವು. 2004ರಲ್ಲಿ ಉತ್ತರ ಧ್ರುವದ ಹತ್ತಿರ ಕಡಲತಳ ಕೊರೆದಾಗ ಮೀಟರುಗಟ್ಟಲೆ ದಪ್ಪದ ಪದರಗಳಲ್ಲಿ ಅದರ ಉಳಿಕೆ ಸಿಕ್ಕಿತು. ಅಜೋಲಾ ಉಪ್ಪುನೀರಿನಲ್ಲಿ ಬಾಳುವುದಿಲ್ಲ. ಅಂದರೆ ಕಡಲಿನ ಮೇಲೆ ಸಿಹಿನೀರಿನ ಪದರವೇ ಇದ್ದಿರಬೇಕು. ಆಗ ಆರ್ಕ್ಟಿಕ್ ಸುತ್ತ ನೆಲ ಆವರಿಸಿದ್ದ ಸಾಗರ, ನೀರು ಹೊರಹೋಗುವ ದಾರಿ ಕಿರಿದು. ಅದರ ಮೇಲೆ ಸುರಿದ ಮಳೆ, ಬಂದು ಸೇರಿದ ಹೊಳೆಗಳ ನೀರು ಮೇಲೇ ನಿಂತಿತು. ಅದಕ್ಕೂ ಮೊದಲು, 5.6 ಕೋಟಿ ವರ್ಷಗಳ ಹಿಂದೆ ಭೂಮಿ ಹಠಾತ್ತನೆ ಕಾದಾಗ, ಅದೇ ಕಡಲಿನ ಮೇಲ್ಮೈ ಸುಮಾರು 23 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಆಗಿನ ಎಲೆಗಳ ಮೇಣದಲ್ಲಿ ಉಳಿದ ಹೈಡ್ರೋಜನ್ ಪರೀಕ್ಷಿಸಿದವರು, ಬೆಚ್ಚನೆಯ ನಾಡುಗಳ ಮೇಲೆ ಸುರಿದು ಹೋಗಬೇಕಿದ್ದ ತೇವ ಧ್ರುವದವರೆಗೂ ಹೋಗಿ ಮಳೆಯಾಗಿತ್ತೆಂದು ಕಂಡುಕೊಂಡರು.

ಕೊನೆಯ ನಂಬಿಕೆ ಕೊಂಚ ಜಾಣತನದ್ದು: ‘ಕಾವು ಹೆಚ್ಚಾದರೆ ಹಿಮ ಹೆಚ್ಚಾಗುವುದಾದರೆ ಧ್ರುವದ ಗಡ್ಡೆ ಬೆಳೆಯುತ್ತದೆ, ಕಡಲು ಏರುವ ಚಿಂತೆ ಬೇಡ.’ ಇದು ಆದಾಯ ಮಾತ್ರ ನೋಡಿ ಖರ್ಚು ಮರೆತ ಮಾತು. ಹಿಂದಿನ ದಾಖಲೆ ಮತ್ತು ಗಣಿತ ಮಾದರಿಗಳು ಅಂಟಾರ್ಕ್ಟಿಕಾದಲ್ಲಿ ಡಿಗ್ರಿಗೆ ಶೇ. 5ರಷ್ಟು ಹೆಚ್ಚು ಹಿಮ ಎನ್ನುತ್ತವೆ, ನಿಜ. ಆದರೆ ಅಂಚಿನ ಗಡ್ಡೆಯನ್ನು ಬೆಚ್ಚನೆಯ ಕಡಲನೀರು ಅಡಿಯಿಂದ ತಿನ್ನುತ್ತಿದೆ, ಹೊಸ ಹಿಮದ ಭಾರಕ್ಕೇ ಗಡ್ಡೆ ಕಡಲಿನತ್ತ ಇನ್ನಷ್ಟು ವೇಗವಾಗಿ ಜಾರುತ್ತದೆ. ಇಂದು ಗ್ರೀನ್‌ಲ್ಯಾಂಡ್, ಅಂಟಾರ್ಕ್ಟಿಕಾ ಎರಡೂ ಗಳಿಸುವುದಕ್ಕಿಂತ ಹೆಚ್ಚು ಕಳೆದುಕೊಳ್ಳುತ್ತಿವೆ. ಬೀಳುವುದೆಲ್ಲ ಹಿಮವೇ ಆಗಿರಬೇಕೆಂದೂ ಇಲ್ಲ: 2021ರ ಆಗಸ್ಟ್ 14ರಂದು, ಗ್ರೀನ್‌ಲ್ಯಾಂಡಿನ ಗಡ್ಡೆಯ ನೆತ್ತಿಯ ಮೇಲೆ, 3,200 ಮೀಟರ್ ಎತ್ತರದ ಸಂಶೋಧನಾ ಕೇಂದ್ರದಲ್ಲಿ, ದಾಖಲೆಗೆ ಸಿಕ್ಕ ಮೊದಲ ಮಳೆ ಬಿತ್ತು.