ಚುಕ್ಕಿ ಸವೆದಿದೆಯೋ, ಬೆರಳು ಜಡವಾಗಿದೆಯೋ?

ನಮ್ಮ ಬೀದರ್ ಜಿಲ್ಲೆಯ ಬಿದರಿ ಹೂಜಿಯ ಮೇಲೆ ಬೆಳ್ಳಿಯ ಬಳ್ಳಿ ಎದ್ದು ಕಾಣುತ್ತದೆ. ಕಣ್ಣು ಮುಚ್ಚಿ ಬೆರಳಾಡಿಸಿದರೆ ಬಹುಪಾಲು ನುಣುಪೇ ಸಿಗುತ್ತದೆ. ಬೆಳ್ಳಿಯನ್ನು ಲೋಹದೊಳಗೆ ಕೂರಿಸಿ ಸಮನಾಗಿ ಉಜ್ಜಿರುವುದೇ ಇದಕ್ಕೆ ಕಾರಣ. ಕಣ್ಣಿಗೆ ಬಣ್ಣದ ವ್ಯತ್ಯಾಸ ಸಾಕು, ಬೆರಳಿಗೆ ಎತ್ತರದ ವ್ಯತ್ಯಾಸ ಬೇಕು. ಅಂಧರ ಓದು ನಿಂತಿರುವುದು ಈ ಸರಳ ಸಂಗತಿಯ ಮೇಲೆ.

ಬಾಲ್ಯದಲ್ಲೇ ದೃಷ್ಟಿ ಕಳೆದುಕೊಂಡ ಫ್ರಾನ್ಸಿನ ಲೂಯಿ ಬ್ರೈಲ್ 1829ರಲ್ಲಿ ತನ್ನ ಲಿಪಿಯನ್ನು ಪ್ರಕಟಿಸಿದ. ಆರು ಚುಕ್ಕಿಗಳ ಒಂದು ಮನೆಯಲ್ಲಿ 63 ಬಗೆಯ ಗುರುತುಗಳನ್ನು ಮೂಡಿಸಬಹುದು. ಭಾರತೀಯ ಭಾಷೆಗಳಿಗಾಗಿ 1951ರಲ್ಲಿ ‘ಭಾರತಿ ಬ್ರೈಲ್’ ರೂಪುಗೊಂಡಿತು. ಕನ್ನಡವೂ ಇದರಲ್ಲಿದೆ.

ಅರ್ಧ ಮಿಲಿಮೀಟರಿನ ಮಹತ್ವ

ಕಾಗದದ ಮೇಲಿನ ಬ್ರೈಲ್ ಚುಕ್ಕಿಯ ಎತ್ತರ ಸುಮಾರು ಅರ್ಧ ಮಿಲಿಮೀಟರ್. ಚುಕ್ಕಿಯಿಂದ ಚುಕ್ಕಿಗೆ ಸುಮಾರು ಎರಡೂವರೆ ಮಿಲಿಮೀಟರ್ ಅಂತರ. ಬೆರಳು ಚುಕ್ಕಿಯ ಮೇಲೆ ಹಗುರವಾಗಿ ಸರಿದಾಗ ಚರ್ಮ ಅಲ್ಲಲ್ಲಿ ಒಳಕ್ಕೆ ತಗ್ಗುತ್ತದೆ. ಚರ್ಮದಡಿಯ ನರತುದಿಗಳು ಈ ತಗ್ಗಿನ ಆಕಾರವನ್ನು ಮೆದುಳಿಗೆ ತಿಳಿಸುತ್ತವೆ. ಚುಕ್ಕಿ ಸವೆದರೆ ಸುದ್ದಿಯೇ ಹೋಗುವುದಿಲ್ಲ.

ಇದರಿಂದ ಆಗುವ ಎಡವಟ್ಟು ಸಣ್ಣದಲ್ಲ. ‘ಲ’ ಅಕ್ಷರಕ್ಕೆ ಎಡಸಾಲಿನ ಮೂರೂ ಚುಕ್ಕಿಗಳಿವೆ. ಅದರಲ್ಲಿ ನಡುವಿನದು ಅಳಿಸಿದರೆ ‘ಕ’ ಆಗುತ್ತದೆ. ‘ಹಾಲು’ ಎಂದಿದ್ದದ್ದು ‘ಹಾಕು’ ಎಂದು ಓದಿಸಿಕೊಳ್ಳುತ್ತದೆ! ಆದ್ದರಿಂದ ಬರಹದಲ್ಲಿ ಎಲ್ಲ ಚುಕ್ಕಿಗಳೂ ಒಂದೇ ಎತ್ತರವಿರಬೇಕು.

ಚಿತ್ರಕ್ಕೆ ಬೇರೆ ನಿಯಮ

ಚಿತ್ರದ ಮಾತು ಬೇರೆ. ಹುಲಸೂರಿನ ಒಬ್ಬ ಅಂಧ ವಿದ್ಯಾರ್ಥಿಯ ಕೈಗೆ ಬೀದರ್ ಜಿಲ್ಲೆಯ ಉಬ್ಬು ನಕಾಶೆ ಕೊಟ್ಟೆವೆನ್ನಿ. ಮಹಾರಾಷ್ಟ್ರದ ಗಡಿ, ತೆಲಂಗಾಣದ ಗಡಿ, ತಾಲ್ಲೂಕುಗಳ ಎಲ್ಲೆ, ಮಾಂಜ್ರಾ ನದಿ, ರಸ್ತೆ ಎಲ್ಲವೂ ಒಂದೇ ಎತ್ತರದ ಚುಕ್ಕಿಸಾಲುಗಳಾದರೆ ಬೆರಳಿಗೆ ಸಿಗುವುದು ದಾರದ ಸಿಕ್ಕು ಮಾತ್ರ. ರಾಜ್ಯದ ಗಡಿ ಎತ್ತರವಾಗಿ, ನದಿ ಅದಕ್ಕಿಂತ ತಗ್ಗಾಗಿ, ತಾಲ್ಲೂಕಿನ ಎಲ್ಲೆ ಇನ್ನೂ ತಗ್ಗಾಗಿ ಇದ್ದರೆ ಮುಖ್ಯವಾದದ್ದು ಮೊದಲು ಬೆರಳಿಗೆ ಸಿಗುತ್ತದೆ. ಹೃದಯದ ಚಿತ್ರ, ಗಣಿತದ ರೇಖಾಚಿತ್ರಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಇಂಥ ಯಂತ್ರಗಳು ಬಂದಿವೆ. ಅಮೆರಿಕದ ಭೌತವಿಜ್ಞಾನಿ ಜಾನ್ ಗಾರ್ಡ್‌ನರ್ 1988ರಲ್ಲಿ ದೃಷ್ಟಿ ಕಳೆದುಕೊಂಡ ಮೇಲೆ ಚಿತ್ರಗಳನ್ನು ಉಬ್ಬಿಸುವ ಮುದ್ರಣಯಂತ್ರದ ಕೆಲಸಕ್ಕೆ ಕೈಹಾಕಿದರು. ಅವರ ‘ಟೈಗರ್’ ಯಂತ್ರ ಎಂಟು ಎತ್ತರಗಳಲ್ಲಿ ಚುಕ್ಕಿ ಮೂಡಿಸುತ್ತದೆ. ‘ಗ್ರಾಫಿಟಿ’ ಎಂಬ ಇನ್ನೊಂದು ಸಾಧನದಲ್ಲಿ ಕಾಗದವೇ ಇಲ್ಲ. ಅದರ 2,400 ಸಣ್ಣ ಕಡ್ಡಿಗಳು ಬೇಕಾದಷ್ಟು ಎತ್ತರಕ್ಕೆ ಏಳುತ್ತವೆ, ಇಳಿಯುತ್ತವೆ.

ಆದರೆ ಯಂತ್ರವಿದ್ದರೆ ಸಾಲದು. ಕಂಪ್ಯೂಟರಿನಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಬ್ರೈಲ್ ಕಡತ ಯಾವ ಚುಕ್ಕಿ ಇದೆ, ಯಾವುದು ಇಲ್ಲ ಎಂಬುದನ್ನಷ್ಟೇ ಹೇಳುತ್ತದೆ. ಎಷ್ಟು ಎತ್ತರ ಎಂಬುದಕ್ಕೆ ಅದರಲ್ಲಿ ಜಾಗವಿಲ್ಲ. ಕಡತವೇ ಹೇಳದ ಎತ್ತರವನ್ನು ಯಂತ್ರ ಊಹಿಸುವುದು ಹೇಗೆ? ಆದ್ದರಿಂದ ಪಠ್ಯದ ಜೊತೆಗೆ ಚಿತ್ರದ ಎತ್ತರವನ್ನೂ ಹೊತ್ತು ತರುವ ಕಡತಗಳು ಬೇಕು.

ಬೆರಳಿನ ಆರೋಗ್ಯ

ಇನ್ನು ಮನೆಯವರು ಗಮನಿಸಬೇಕಾದ ಮಾತು. ಸಕ್ಕರೆ ಕಾಯಿಲೆ ಹತೋಟಿ ತಪ್ಪಿದರೆ ಕಣ್ಣಿನ ಅಕ್ಷಿಪಟಲ ಕೆಡುತ್ತದೆ. ಅದೇ ಕಾಯಿಲೆ ನರಗಳನ್ನೂ ಕೆಡಿಸುತ್ತದೆ. ಸಾಮಾನ್ಯವಾಗಿ ಮೊದಲು ಪಾದ, ಆಮೇಲೆ ಕೈಬೆರಳು ಜೋಮು ಹಿಡಿಯುತ್ತವೆ. ಹೀಗೆ ಕಣ್ಣು ಕಳೆದುಕೊಂಡವರಿಗೆ ಬ್ರೈಲ್ ಕಲಿಯಲು ಬೇಕಾದ ಬೆರಳೂ ಮಂದವಾಗಿರಬಹುದು. ಕುಷ್ಠರೋಗದಲ್ಲೂ ಸ್ಪರ್ಶ ಕುಂದುತ್ತದೆ. ವಯಸ್ಸಾದಂತೆ ಎಲ್ಲರಲ್ಲೂ ಅದು ತುಸು ಕಡಿಮೆಯಾಗುತ್ತದೆ. ದುಡಿದು ದಡ್ಡುಗಟ್ಟಿದ ಬೆರಳಿಗೂ ಸಣ್ಣ ಚುಕ್ಕಿ ಸುಲಭವಾಗಿ ತಿಳಿಯದು.

‘ಅಕ್ಷರ ಸಿಗುತ್ತಿಲ್ಲ’ ಎಂದು ಓದುವವರು ಹೇಳಿದರೆ ಅದನ್ನು ಸೋಮಾರಿತನ ಎನ್ನಬೇಡಿ. ಮೊದಲು ಹೊಸ, ಸವೆಯದ ಹಾಳೆ ಕೊಟ್ಟು ನೋಡಿ. ಅದು ಸಿಕ್ಕರೆ ದೋಷ ಹಳೆಯ ಪುಸ್ತಕದ್ದು. ಅದೂ ಸಿಗದಿದ್ದರೆ, ಅಥವಾ ಬೆರಳಲ್ಲಿ ಜೋಮು, ಉರಿ, ಬಿಸಿ ತಾಗಿದ್ದು ತಿಳಿಯದಿರುವುದು ಇದ್ದರೆ ವೈದ್ಯರಿಗೆ ತೋರಿಸಿ ಸಕ್ಕರೆ ಮತ್ತು ನರಗಳ ಪರೀಕ್ಷೆ ಮಾಡಿಸಿ. ಚರ್ಮದ ಮೇಲೆ ಸ್ಪರ್ಶವಿಲ್ಲದ ಮಚ್ಚೆ ಕಂಡರೆ ತಡಮಾಡಬೇಡಿ. ಕುಷ್ಠರೋಗದ ಔಷಧಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಸ್ಪರ್ಶ ಮಂದವಾದವರಿಗೆ ಚುಕ್ಕಿಯೂ ಅಂತರವೂ ದೊಡ್ಡದಾಗಿರುವ ‘ಜಂಬೋ ಬ್ರೈಲ್’ ಇದೆ ಎಂಬುದು ನೆನಪಿರಲಿ.

ಮನೆಯಲ್ಲಿ ಮಾಡಬಹುದಾದದ್ದು

* ಬ್ರೈಲ್ ಪುಸ್ತಕಗಳನ್ನು ಒಂದರ ಮೇಲೊಂದು ಒಟ್ಟಬೇಡಿ, ಭಾರಕ್ಕೆ ಚುಕ್ಕಿ ಚಪ್ಪಟೆಯಾಗುತ್ತದೆ. ಸಡಿಲವಾಗಿ ನಿಲ್ಲಿಸಿ ಇಡಿ.
* ಓದುವ ಮುನ್ನ ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಲಿ. ಒತ್ತಿ ಓದುವುದು ಬೇಡ, ಹಗುರವಾಗಿ ಬೆರಳು ಸರಿಸಲಿ.
* ನಕಾಶೆ ಬೇಕಾದರೆ ದಪ್ಪ ರಟ್ಟಿನ ಮೇಲೆ ಗೋಂದಿನಿಂದ ದಾರ ಅಂಟಿಸಿ. ಗಡಿಗೆ ದಪ್ಪ ಹುರಿ, ನದಿಗೆ ಸಣ್ಣ ದಾರ, ಊರಿಗೆ ಒಂದು ಗುಂಡಿ. ಒಂದೇ ಚಿತ್ರಕ್ಕೆ ಮೂರು ಎತ್ತರ ಸಾಕು, ಹೆಚ್ಚಾದರೆ ಗೊಂದಲ.
* ಚಿತ್ರ ಸಿದ್ಧವಾದ ಮೇಲೆ ಕಣ್ಣಿನಿಂದ ಪರೀಕ್ಷಿಸಬೇಡಿ. ಓದುವವರ ಬೆರಳೇ ತೀರ್ಪು ಕೊಡಲಿ.

ಮಗುವಿಗೆ ಬ್ರೈಲ್ ಕಲಿಸಬೇಕೆನ್ನುವವರಿಗೆ ಈ ಭಾಗದಲ್ಲಿ ಕಲಬುರಗಿಯ ಸರ್ಕಾರಿ ಅಂಧ ಮಕ್ಕಳ ಶಾಲೆ ಇದೆ. ಎಳೆಯ ಬೆರಳು ಬೇಗ ಕಲಿಯುತ್ತದೆ, ಆದ್ದರಿಂದ ವಿಳಂಬ ಬೇಡ. ದೊಡ್ಡವರಾದ ಮೇಲೆ ದೃಷ್ಟಿ ಹೋದವರೂ ಕಲಿಯಬಲ್ಲರು. ಅವರಿಗೆ ಬೇಕಾದದ್ದು ಸವೆಯದ ಚುಕ್ಕಿ, ಆರೋಗ್ಯವಂತ ಬೆರಳು ಮತ್ತು ಮನೆಯವರ ತಾಳ್ಮೆ.