ಶೀಟಿನ ದೂಳು: ತಪ್ಪು ಕಲ್ಪನೆ ಮತ್ತು ವಾಸ್ತವ

ಕಳೆದ ಬೇಸಿಗೆಯಲ್ಲಿ ಕಟಪಾಡಿಯ ನಮ್ಮ ನೆರೆಮನೆಯವರು ಹಟ್ಟಿಯ ಹಂಚು ಇಳಿಸಿ ಆಸ್ಬೆಸ್ಟಾಸ್ ಸಿಮೆಂಟ್ ಶೀಟು ಹೊದಿಸಿದರು. ಕೆಲಸದ ಹುಡುಗ ಮೊಣಕಾಲೂರಿ ಗ್ರೈಂಡರಿನಲ್ಲಿ ಶೀಟಿನ ಅಂಚು ಕೊಯ್ಯುತ್ತಿದ್ದ. ಎರಡೇ ನಿಮಿಷದಲ್ಲಿ ರೆಪ್ಪೆ, ಮೀಸೆ, ಅಂಗಿಯ ಕಾಲರು ಎಲ್ಲ ಬೆಳ್ಳಗಾದವು. ಮೂಗಿಗೆ ಏನಾದರೂ ಕಟ್ಟಿಕೋ ಎಂದೆ. "ಎಂತ ಆಗುದಿಲ್ಲ ಅಕ್ಕ, ಸಿಮೆಂಟಿನ ದೂಳಲ್ವಾ" ಎಂದ.

"ಅದು ಬರೀ ಸಿಮೆಂಟು."
ಆಸ್ಬೆಸ್ಟಾಸ್ ಶೀಟಿನಲ್ಲಿ ಸಿಮೆಂಟನ್ನು ಹಿಡಿದಿಡುವುದು ಕಲ್ಲಿನ ನಾರು. ಕೊಯ್ದಾಗ ಆ ನಾರು ಸೀಳಿ ಸೀಳಿ ಕೂದಲಿಗಿಂತ ಎಷ್ಟೋ ಪಾಲು ಸಪೂರವಾಗಿ ಗಾಳಿಗೆ ಸೇರುತ್ತದೆ. ಶ್ವಾಸಕೋಶದ ಆಳಕ್ಕೆ ಹೋದರೆ ದೇಹಕ್ಕೆ ಅದನ್ನು ಕರಗಿಸಲಾಗದು. ಅಲ್ಲಿ ಗಾಯದ ಕಲೆ ಗಟ್ಟಿಯಾಗುತ್ತ ಹೋಗುತ್ತದೆ. ಮುಖಕ್ಕೆ ಸುತ್ತಿದ ಬೈರಾಸು ಇದನ್ನು ತಡೆಯುವುದಿಲ್ಲ.

"ಇದೆಲ್ಲ ಈಚೆಗೆ ಗೊತ್ತಾದದ್ದು, ಪಾಪ ಕಂಪನಿಗಳಿಗೇನು ಗೊತ್ತಿತ್ತು?"
ನನ್ನನ್ನು ತುಂಬ ಕೆರಳಿಸುವ ಮಾತು ಇದು. ಇಂಗ್ಲೆಂಡಿನ ರಾಕ್‌ಡೇಲ್‌ನಲ್ಲಿ ಟರ್ನರ್ ಬ್ರದರ್ಸ್ ಕಾರ್ಖಾನೆಯಲ್ಲಿ ಆಸ್ಬೆಸ್ಟಾಸ್ ನೂಲು ತೆಗೆಯುತ್ತಿದ್ದ ನೆಲ್ಲಿ ಕರ್ಷಾ 1924ರಲ್ಲೇ ತೀರಿಕೊಂಡಳು. ವಯಸ್ಸು ಮೂವತ್ತರ ಆಚೀಚೆ. ಅವಳ ಶ್ವಾಸಕೋಶದಲ್ಲಿ ವೈದ್ಯರು ನಾರನ್ನೇ ಕಂಡರು. ಕಂಪನಿ ಹೊಣೆ ಹೊರಲಿಲ್ಲ, ಶವಸಂಸ್ಕಾರದ ಖರ್ಚನ್ನೂ ಕೊಡಲಿಲ್ಲ. 1930ರಲ್ಲಿ ಬ್ರಿಟಿಷ್ ಸರ್ಕಾರದ ತಪಾಸಣೆಯಲ್ಲಿ 363 ಆಸ್ಬೆಸ್ಟಾಸ್ ಕೆಲಸಗಾರರ ಪೈಕಿ ಕಾಲು ಭಾಗಕ್ಕಿಂತ ಹೆಚ್ಚು ಮಂದಿಗೆ ಶ್ವಾಸಕೋಶದ ಕಾಯಿಲೆ ಇರುವುದು ಕಂಡುಬಂತು. 1935ರಲ್ಲಿ ಅಮೆರಿಕದ ರೇಬೆಸ್ಟಾಸ್ ಕಂಪನಿಯ ಮುಖ್ಯಸ್ಥರೂ ಜಾನ್ಸ್-ಮ್ಯಾನ್‌ವಿಲ್ ಕಂಪನಿಯ ವಕೀಲರೂ ಈ ರೋಗದ ಸುದ್ದಿ ಹೊರಬೀಳದಿದ್ದರೆ ಒಳ್ಳೆಯದೆಂದು ಪತ್ರ ಬರೆದುಕೊಂಡರು. ಕೋರ್ಟಿನಲ್ಲಿ ಆ ಪತ್ರಗಳು ಹೊರಬರುವ ಹೊತ್ತಿಗೆ ನಲವತ್ತು ವರ್ಷ ಕಳೆದಿತ್ತು. ಕಂಪನಿಗಳಿಗೆ ಗೊತ್ತಿತ್ತು. ಗೊತ್ತಿಲ್ಲದೆ ಉಸಿರಾಡಿದವರು ಕೆಲಸಗಾರರು.

"ಬಿಳಿ ಆಸ್ಬೆಸ್ಟಾಸ್ ಏನೂ ಮಾಡುವುದಿಲ್ಲ."
ನಮ್ಮಲ್ಲಿ ಶೀಟಿಗೆ ಬಳಸುವುದು ಇದನ್ನೇ, ಕ್ರೈಸೊಟೈಲ್. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಎಲ್ಲ ಬಗೆಯ ಆಸ್ಬೆಸ್ಟಾಸನ್ನೂ ಕ್ಯಾನ್ಸರ್‌ಕಾರಕ ಎಂದು ಹೇಳಿದೆ. 2024ರಲ್ಲಿ ಅಮೆರಿಕ ಕ್ರೈಸೊಟೈಲನ್ನು ನಿಷೇಧಿಸಿತು. ಭಾರತ ಇಂದಿಗೂ ಆಮದು ಮಾಡಿಕೊಳ್ಳುತ್ತಿದೆ.

"ತೊಂದರೆ ಇದ್ದರೆ ಈಗಲೇ ಕೆಮ್ಮು ಬರುತ್ತಿತ್ತು."
ಕ್ಯಾನ್ಸರ್ ತಲೆಯೆತ್ತಲು ಇಪ್ಪತ್ತರಿಂದ ನಲವತ್ತು ವರ್ಷ ಬೇಕಾಗಬಹುದು. ಸುಪ್ರೀಂ ಕೋರ್ಟ್ 1995ರ ಜನವರಿ 27ರ ತೀರ್ಪಿನಲ್ಲಿ ಆಸ್ಬೆಸ್ಟಾಸ್ ಕಾರ್ಖಾನೆಗಳು ಪ್ರತಿಯೊಬ್ಬ ಕೆಲಸಗಾರನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ, ಇಲ್ಲವೇ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ಹೆಚ್ಚೋ ಅಷ್ಟು ಕಾಲ ಇಡಬೇಕೆಂದದ್ದು ಈ ಕಾರಣಕ್ಕೇ. ಅಹಮದಾಬಾದಿನ ಔದ್ಯೋಗಿಕ ಆರೋಗ್ಯ ಸಂಸ್ಥೆ ರೋಗ ಖಚಿತಪಡಿಸಿದರೆ ಒಂದು ಲಕ್ಷ ರೂಪಾಯಿ ಪರಿಹಾರವನ್ನೂ ಕೋರ್ಟ್ ವಿಧಿಸಿತು. ಆದರೆ ಕಾಂಟ್ರಾಕ್ಟುದಾರರ ಕೈಕೆಳಗೆ ಇಂದು ಕಾಪು, ನಾಳೆ ಕಾರ್ಕಳ ಎಂದು ಮಾಡು ಹೊದಿಸುವವನ ಹೆಸರು ಯಾವ ಕಾರ್ಖಾನೆಯ ರಿಜಿಸ್ಟರಿನಲ್ಲಿದೆ?

"ಹಾಗಾದರೆ ಶೀಟಿನ ಮನೆಯಲ್ಲಿ ಮಲಗುವುದೇ ಅಪಾಯ."
ಇದೂ ಅತಿಯೇ. ಒಡೆಯದ, ಕೆರೆಯದ ಶೀಟಿನಿಂದ ಏಳುವ ನಾರು ತೀರ ಕಡಿಮೆ. ಕೊಯ್ಯುವಾಗ, ತೂತು ಕೊರೆಯುವಾಗ, ಪಾಚಿ ತೆಗೆಯಲು ತಂತಿ ಬ್ರಷ್ಷಿನಿಂದ ಉಜ್ಜುವಾಗ, ಹಳೆಯದನ್ನು ಎತ್ತಿ ಬಿಸಾಡುವಾಗ ಎಚ್ಚರ ಬೇಕು. ಹುಡುಗನ ಅಂಗಿಯನ್ನು ಸಂಜೆ ಅಂಗಳದಲ್ಲಿ ಕೊಡವುವ ತಾಯಿಗೂ ಅದೇ ದೂಳು ತಾಗುತ್ತದೆ.

ಮರುದಿನ ನಾನು ಆ ಕೆಲಸದ ಹುಡುಗನ ಪಕ್ಕ ಒಂದು ಕೊಡ ನೀರಿಟ್ಟೆ. ಗ್ರೈಂಡರ್ ಬದಿಗಿಟ್ಟು, ಶೀಟಿಗೆ ನೀರು ಹೊಯ್ದು, ಕೈಗರಗಸದಲ್ಲಿ ನಿಧಾನವಾಗಿ ಕೊಯ್ದ. ತುಸು ಹೊತ್ತು ಹೆಚ್ಚು ಹಿಡಿಯಿತು. ರೆಪ್ಪೆ ಕಪ್ಪಗೇ ಉಳಿಯಿತು.